ಪ್ರಾಗ್‌ನಲ್ಲಿ ಒಂದು ವೀಕೆಂಡ್: ಏನು ನೋಡೋದು, ಏನು ಬಿಡೋದು?

ಪ್ರಶ್ನೆ: ಮೇಡಂ, ನಾವು ಒಂಬತ್ತು ಜನ ಕನ್ನಡದ ಹುಡುಗ ಹುಡುಗಿಯರು ಜರ್ಮನಿಯ ಲೈಪ್‌ಜಿಗ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದೇವೆ. ನವೆಂಬರ್ 13ರ ಶುಕ್ರವಾರ ಹೊರಟು, ಭಾನುವಾರ ರಾತ್ರಿ ವಾಪಸ್ ಬರುವ ಹಾಗೆ ಪ್ರಾಗ್‌ಗೆ ಹೋಗಬೇಕು ಅಂತಿದ್ದೇವೆ. ನೋಡಬೇಕಾದ ಜಾಗಗಳ ಪಟ್ಟಿ ಮಾಡಿದರೆ 23 ಆಯ್ತು. ಕೆಲವರು ಭಾನುವಾರ ಕುತ್ನಾ ಹೋರಾ ಊರಿಗೂ ಹೋಗಿ ಬರೋಣ ಅಂತಾರೆ. ಕೈಯಲ್ಲಿ ದುಡ್ಡು ಕಮ್ಮಿ. ಇಬ್ಬರು ಸಸ್ಯಾಹಾರಿಗಳು. ಹೇಗೆ ಪ್ಲಾನ್ ಮಾಡೋದು?

ಉತ್ತರ: ಮೊದಲು ಆ ಪಟ್ಟಿಯನ್ನ ಪಕ್ಕಕ್ಕಿಡಿ. ನವೆಂಬರ್ ಮಧ್ಯದಲ್ಲಿ ಪ್ರಾಗ್‌ನಲ್ಲಿ ಬೆಳಗ್ಗೆ ಏಳೂಕಾಲಿಗೆ ಸೂರ್ಯ ಹುಟ್ಟುತ್ತಾನೆ, ಸಂಜೆ ನಾಲ್ಕೂಕಾಲಿಗೆಲ್ಲ ಮುಳುಗಿರುತ್ತಾನೆ. ಬೆಳಕು ಇರೋದು ದಿನಕ್ಕೆ ಒಂಬತ್ತು ಗಂಟೆ. ಅದರಲ್ಲಿ ಊಟ, ಟ್ರಾಮ್, ಒಬ್ಬರಿಗಾಗಿ ಇನ್ನೊಬ್ಬರು ಕಾಯೋದು, ಎಲ್ಲ ಕಳೆದು ಉಳಿಯೋದು ಎಷ್ಟು? 23 ಜಾಗ ಇಟ್ಟುಕೊಂಡರೆ ಪ್ರತಿಯೊಂದರ ಮುಂದೂ ನಿಂತು ಫೋಟೋ ತೆಗೆದು ಓಡೋದೇ ಆಗುತ್ತದೆ. ಏಳೆಂಟು ಜಾಗ ಸಾಕು. ಆ ಏಳೆಂಟನ್ನ ನಿಮಗೇ ಅಂತ ಆರಿಸಿಕೊಡುತ್ತೇನೆ. ಯಾಕೆಂದರೆ ಲೈಪ್‌ಜಿಗ್‌ನಲ್ಲಿ ಓದುವವರಿಗೆ ಪ್ರಾಗ್ ಬರೀ ಚೆಂದದ ಊರಲ್ಲ. ನಿಮ್ಮ ಯೂನಿವರ್ಸಿಟಿ ಹುಟ್ಟಿದ್ದೇ ಅಲ್ಲಿನ ಒಂದು ಜಗಳದಿಂದ.

ಆ ಕಥೆ ಹೇಳಿಬಿಡುತ್ತೇನೆ, ಆಮೇಲೆ ಊರು ಬೇರೆ ಥರ ಕಾಣುತ್ತದೆ. ದೊರೆ ನಾಲ್ಕನೇ ಚಾರ್ಲ್ಸ್ 1348ರಲ್ಲಿ ಪ್ರಾಗ್‌ನಲ್ಲಿ ಯೂನಿವರ್ಸಿಟಿ ಕಟ್ಟಿಸಿದ. ಮಧ್ಯ ಯುರೋಪಿನಲ್ಲಿ ಅದೇ ಮೊದಲನೆಯದು. ಅಲ್ಲಿ ಮೇಷ್ಟ್ರು, ವಿದ್ಯಾರ್ಥಿಗಳನ್ನ ನಾಲ್ಕು ಗುಂಪು ಮಾಡಿದ್ದರು: ಬೊಹೀಮಿಯ (ಪ್ರಾಗ್ ಇರುವ ಸೀಮೆ), ಬವೇರಿಯ, ಸ್ಯಾಕ್ಸನಿ, ಪೋಲೆಂಡ್. ಗುಂಪಿಗೊಂದು ಓಟು. ಅಂದರೆ ಊರಿನವರಿಗೆ ಒಂದು, ಹೊರಗಿನವರಿಗೆ ಮೂರು. 1409ರ ಜನವರಿಯಲ್ಲಿ ಚಾರ್ಲ್ಸ್‌ನ ಮಗ ದೊರೆ ವೆನ್ಸೆಸ್ಲಾಸ್ ಇದನ್ನ ತಲೆಕೆಳಗು ಮಾಡಿದ. ಬೊಹೀಮಿಯದವರಿಗೆ ಮೂರು ಓಟು, ಉಳಿದ ಮೂರೂ ಗುಂಪಿಗೆ ಸೇರಿ ಒಂದೇ. ಜರ್ಮನ್ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸಿಟ್ಟಿನಿಂದ ಊರು ಬಿಟ್ಟರು. ಹಾಗೆ ಬಂದವರಿಗಾಗಿ ಅದೇ ವರ್ಷ ಡಿಸೆಂಬರ್‌ನಲ್ಲಿ ಲೈಪ್‌ಜಿಗ್ ಯೂನಿವರ್ಸಿಟಿ ಶುರುವಾಯಿತು. ದೊರೆ ಆ ಆಜ್ಞೆ ಹೊರಡಿಸಿದ್ದು ಕುತ್ನಾ ಹೋರಾದಲ್ಲಿ. ಆದರೂ ಈ ಸಲ ಅಲ್ಲಿಗೆ ಹೋಗಬೇಡಿ. ರೈಲಿನಲ್ಲಿ ಒಂದು ಗಂಟೆ ದಾರಿ ನಿಜ, ಹೋಗಿ ಬರುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ.

ಈಗ ದಿನಗಳ ಲೆಕ್ಕ. ಹೆಚ್ಚಿನ ಗುಂಪುಗಳು ಎಡವೋದು ಇಲ್ಲೇ. ಯೆಹೂದಿಗಳ ಹಳೇ ಕೇರಿ ಯೋಸೆಫೋವ್. ಅಲ್ಲಿನ ಮ್ಯೂಸಿಯಂ, ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ), ಸ್ಮಶಾನ ಎಲ್ಲ ಶನಿವಾರ ಮುಚ್ಚಿರುತ್ತವೆ, ಅದು ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ. ಇನ್ನು ಕೋಟೆಯೊಳಗಿನ ಸೇಂಟ್ ವೀಟಸ್ ಕ್ಯಾಥೆಡ್ರಲ್‌ನಲ್ಲಿ ಭಾನುವಾರ ಬೆಳಗ್ಗೆ ಪೂಜೆ ಇರುತ್ತದೆ, ನೋಡಲು ಬರುವವರನ್ನ ಮಧ್ಯಾಹ್ನ 12ರವರೆಗೆ ಬಿಡೋದಿಲ್ಲ. ಹಾಗಾಗಿ ಶನಿವಾರ ಕೋಟೆ, ಭಾನುವಾರ ಯೋಸೆಫೋವ್. ಇದನ್ನ ಅದಲು ಬದಲು ಮಾಡಿಕೊಂಡರೆ ಎರಡೂ ಕಡೆ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ. ಮಿಕ್ಕಿದ್ದನ್ನ ಹೇಗೆ ಬೇಕಾದರೂ ಹೊಂದಿಸಿಕೊಳ್ಳಿ, ಇದೊಂದನ್ನ ಮಾತ್ರ ಬದಲಿಸಬೇಡಿ.

ಶನಿವಾರ ಬೆಳಗ್ಗೆ ಬೇಗ ಎದ್ದು 22ನೇ ನಂಬರ್ ಟ್ರಾಮ್ ಹತ್ತಿ. ಎಲ್ಲರೂ ಇಳಿಯೋದು ಕೋಟೆಯ ಸ್ಟಾಪಿನಲ್ಲಿ. ನೀವು ಇನ್ನೂ ಮುಂದೆ ಹೋಗಿ ಪೊಹೊರ್ಜೆಲೆಟ್ಸ್ ಅನ್ನೋ ಸ್ಟಾಪಿನಲ್ಲಿ ಇಳಿಯಿರಿ. ಅದು ಗುಡ್ಡದ ಮೇಲಿದೆ. ಅಲ್ಲಿಂದ ದಿನವಿಡೀ ಇಳಿಜಾರಿನಲ್ಲೇ ನಡೆಯಬಹುದು: ಕೋಟೆ, ಆಮೇಲೆ ಮಾಲಾ ಸ್ತ್ರಾನಾ ಬಡಾವಣೆ, ಆಮೇಲೆ ನದಿ. ಆ ಟ್ರಾಮಿನಲ್ಲಿ ಜೇಬುಗಳ್ಳರ ಕಾಟ ಇದೆ. ಬ್ಯಾಗನ್ನ ಮುಂದಕ್ಕೆ ಹಾಕಿಕೊಳ್ಳಿ.

ಕೋಟೆಯ ಆವರಣಕ್ಕೆ ಹೋಗಲು ದುಡ್ಡು ಕೊಡಬೇಕಿಲ್ಲ, ಬ್ಯಾಗ್ ತಪಾಸಣೆ ಮಾಡಬಹುದು ಅಷ್ಟೇ. ಕ್ಯಾಥೆಡ್ರಲ್, ಹಳೇ ಅರಮನೆ, ಸೇಂಟ್ ಜಾರ್ಜ್ ಚರ್ಚ್, ಗೋಲ್ಡನ್ ಲೇನ್ ಇವುಗಳಿಗೆ ಟಿಕೆಟ್ ಇದೆ. ನವೆಂಬರ್‌ನಿಂದ ಚಳಿಗಾಲದ ವೇಳೆ, ಸಂಜೆ ನಾಲ್ಕಕ್ಕೇ ಮುಚ್ಚುತ್ತಾರೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಆದರೆ ಪ್ರಾಗ್‌ನ ಎಷ್ಟೋ ಕಡೆ ಅದಕ್ಕೆ 26 ವರ್ಷದ ಮಿತಿ ಇಟ್ಟಿದ್ದಾರೆ. ನಮ್ಮ ಕಡೆಯಿಂದ ಕೆಲಸ ಮಾಡಿ ಆಮೇಲೆ ಮಾಸ್ಟರ್ಸ್‌ಗೆ ಬಂದವರು ಜಾಸ್ತಿ ಅಲ್ವಾ? ನಿಮ್ಮ ಗುಂಪಿನಲ್ಲಿ 26 ದಾಟಿದವರು ಎಷ್ಟು ಅಂತ ಮೊದಲೇ ನೋಡಿಕೊಂಡು ಬಜೆಟ್ ಹಾಕಿ.

ಕ್ಯಾಥೆಡ್ರಲ್ ಒಳಗೆ ಹೋದಾಗ ಒಂದು ಕೆಲಸ ಮಾಡಿ. ನೀವು ಒಳಗೆ ಬರುವ ಪಶ್ಚಿಮದ ಭಾಗ ಕಟ್ಟಡದಲ್ಲೇ ಹೊಸದು. ಕೆಲಸ ಶುರುವಾಗಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಬಾಗಿಲಿನಿಂದ ಪೂರ್ವಕ್ಕೆ ನಡೆಯುತ್ತಾ ಹೋದಂತೆ 20ನೇ ಶತಮಾನದಿಂದ 14ಕ್ಕೆ ಹೋಗುತ್ತೀರಿ. ಎಲ್ಲಿ ಹೊಸ ಕಲ್ಲು ಮುಗಿದು ಹಳೇ ಕಲ್ಲು ಶುರುವಾಗುತ್ತದೆ ಅಂತ ಹುಡುಕಿ. ಹಳೇ ಭಾಗದ ಕಮಾನುಗಳನ್ನ ಕಟ್ಟಿದವನು ಪೀಟರ್ ಪಾರ್ಲರ್. ಚಾರ್ಲ್ಸ್ ಸೇತುವೆಯೂ ಅವನದೇ ಕೆಲಸ.

ಹಳೇ ಅರಮನೆಯಲ್ಲಿ ವ್ಲಾಡಿಸ್ಲಾವ್ ಸಭಾಂಗಣ ಇದೆ. ಒಳಗೇ ಕುದುರೆ ಮೇಲೆ ಕೂತು ಕಾಳಗ ಆಡುತ್ತಿದ್ದರು. ಕುದುರೆ ಹತ್ತಿ ಬರಲಿ ಅಂತಲೇ ಮಾಡಿದ ಅಗಲವಾದ ಮೆಟ್ಟಿಲು ಈಗಲೂ ಇದೆ. ಪಕ್ಕದ ಕಚೇರಿ ಕೋಣೆಯನ್ನ ಮಾತ್ರ ತಪ್ಪಿಸಬೇಡಿ. 1618ರ ಮೇ 23ರಂದು ಪ್ರಾಟೆಸ್ಟೆಂಟ್ ಸರದಾರರು ಕ್ಯಾಥೊಲಿಕ್ ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನ, ಒಬ್ಬ ಗುಮಾಸ್ತನನ್ನ ಅಲ್ಲಿನ ಕಿಟಕಿಯಿಂದ ಹೊರಗೆ ಎಸೆದರು. ಸುಮಾರು 20 ಮೀಟರ್ ಕೆಳಗೆ ಬಿದ್ದರೂ ಮೂವರೂ ಬದುಕಿದರು. ಮಾತೆ ಮೇರಿ ಕಾಪಾಡಿದಳು ಅಂತ ಕ್ಯಾಥೊಲಿಕರು ಹೇಳಿದರು, ತಿಪ್ಪೆ ಮೇಲೆ ಬಿದ್ದರು ಅಂತ ಪ್ರಾಟೆಸ್ಟೆಂಟರು. ಆ ಘಟನೆಯಿಂದ ಶುರುವಾದ ಯುದ್ಧ 30 ವರ್ಷ ನಡೆದು, ನೀವಿರುವ ಸ್ಯಾಕ್ಸನಿಯನ್ನೂ ಸುಟ್ಟಿತು. ಕಿಟಕಿಯಿಂದ ಕೆಳಗೆ ನೋಡಿ. ಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದು ಅಲ್ಲಿ ನಿಂತಾಗ ಅರ್ಥ ಆಗುತ್ತದೆ.

ಗೋಲ್ಡನ್ ಲೇನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಪುಟ್ಟ ಪುಟ್ಟ ಮನೆಗಳು, ಕಾಲಿಡಲು ಜಾಗ ಇರೋದಿಲ್ಲ. ಲೇಖಕ ಫ್ರಾಂಜ್ ಕಾಫ್ಕಾ 1916–17ರಲ್ಲಿ ಕೂತು ಬರೆಯುತ್ತಿದ್ದ 22ನೇ ನಂಬರ್ ಮನೆ ಅಲ್ಲಿದೆ, ಅಷ್ಟು ನೋಡಿ ಬನ್ನಿ.

ಕೋಟೆಯಿಂದ ಇಳಿದು ಊಟ ಮಾಡಿ, ವ್ಲಾಶ್ಸ್ಕಾ ಬೀದಿಗೆ ಹೋಗಿ. ಇದು ನಿಮ್ಮ 23ರ ಪಟ್ಟಿಯಲ್ಲಿ ಖಂಡಿತ ಇರಲಿಕ್ಕಿಲ್ಲ. ಅಲ್ಲಿ ಲೋಬ್ಕೊವಿಟ್ಸ್ ಅರಮನೆಯಲ್ಲಿ ಜರ್ಮನ್ ರಾಯಭಾರ ಕಚೇರಿ ಇದೆ. ಆಗ ಅದು ಪಶ್ಚಿಮ ಜರ್ಮನಿಯದು. 1989ರ ಬೇಸಿಗೆಯ ಕೊನೆಯಲ್ಲಿ, ಪಶ್ಚಿಮಕ್ಕೆ ಹೋಗಬೇಕು ಅಂತ ಪೂರ್ವ ಜರ್ಮನಿಯ ಸಾವಿರಾರು ಜನ ಬೇಲಿ ಹಾರಿ ಅದರ ತೋಟದೊಳಗೆ ಸೇರಿಕೊಂಡರು. ಕೆಸರಿನಲ್ಲಿ ಟೆಂಟ್ ಹಾಕಿಕೊಂಡು, ಮಕ್ಕಳು ಮರಿ ಕಟ್ಟಿಕೊಂಡು ಕಾದರು. ಸೆಪ್ಟೆಂಬರ್ 30ರ ಸಂಜೆ ಪಶ್ಚಿಮ ಜರ್ಮನಿಯ ವಿದೇಶಾಂಗ ಸಚಿವ ಗೆನ್ಷರ್ ಬಾಲ್ಕನಿಗೆ ಬಂದು, ನೀವು ಹೊರಡಬಹುದು ಅನ್ನುವ ಸುದ್ದಿ ಹೇಳಲು ಶುರು ಮಾಡಿದರು. ವಾಕ್ಯ ಪೂರ್ತಿ ಆಗುವ ಮುಂಚೆಯೇ ಜನರ ಕೂಗಿನಲ್ಲಿ ಅವರ ಮಾತು ಮುಳುಗಿಹೋಯಿತು. ಅವರನ್ನ ಹೊತ್ತ ರೈಲುಗಳು ಡ್ರೆಸ್ಡೆನ್ ಮೇಲೆಯೇ ಹೋದವು, ನೀವು ವಾಪಸ್ ಹೋಗುವ ಅದೇ ಹಳಿಯಲ್ಲಿ. ಹತ್ತು ದಿನ ಆಗುವಷ್ಟರಲ್ಲಿ, ಅಕ್ಟೋಬರ್ 9ರಂದು, ನಿಮ್ಮ ಲೈಪ್‌ಜಿಗ್‌ನ ರಿಂಗ್ ರಸ್ತೆ ತುಂಬಾ ಜನ ಸರ್ಕಾರದ ವಿರುದ್ಧ ಮೆರವಣಿಗೆ ಹೊರಟರು. ರಾಯಭಾರ ಕಚೇರಿಯ ಹಿಂಬದಿಗೆ ಸುತ್ತಿ ಹೋದರೆ ಬೇಲಿಯಾಚೆ ಆ ತೋಟ ಕಾಣುತ್ತದೆ. ನಾಲ್ಕು ಕಾಲು ಮೂಡಿದ, ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಶಿಲ್ಪ ಅಲ್ಲಿದೆ, ದಾವಿದ್ ಚೆರ್ನಿ ಮಾಡಿದ್ದು. ಕಾರನ್ನ ಬೀದಿಯಲ್ಲೇ ಬಿಟ್ಟು ಓಡಿಬಂದವರ ನೆನಪಿಗೆ.

ಚಾರ್ಲ್ಸ್ ಸೇತುವೆಯನ್ನ ಶನಿವಾರ ಮಧ್ಯಾಹ್ನ ದಾಟಬೇಕಾಗುತ್ತದೆ, ಸಿಕ್ಕಾಪಟ್ಟೆ ಜನ. ನಿಜವಾಗಿ ನೋಡಬೇಕು ಅಂದರೆ ಭಾನುವಾರ ಬೆಳಗ್ಗೆ ಏಳಕ್ಕೆ ಬನ್ನಿ. ಒಂಬತ್ತು ಜನರೂ ಏಳದಿದ್ದರೆ ಎದ್ದವರಷ್ಟೇ ಬನ್ನಿ. 516 ಮೀಟರ್ ಉದ್ದ, 16 ಕಮಾನು, 30 ಶಿಲ್ಪಗಳು. ಮೊದಲಿದ್ದ ಜೂಡಿತ್ ಸೇತುವೆಯನ್ನ 1342ರ ನೆರೆ ಕೊಚ್ಚಿತು, 1357ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. 1841ರವರೆಗೆ ಪ್ರಾಗ್‌ನಲ್ಲಿ ವ್ಲತಾವಾ ನದಿಗೆ ಇದೊಂದೇ ಸೇತುವೆ. ಶಿಲ್ಪಗಳಲ್ಲಿ ಹೆಚ್ಚಿನವು ಈಗ ನಕಲು, ಮೂಲವನ್ನ ಮಳೆಗಾಳಿಯಿಂದ ಉಳಿಸಲು ಮ್ಯೂಸಿಯಂಗೆ ಸಾಗಿಸಿದ್ದಾರೆ.

ಸೇತುವೆ ದಾಟಿ ಹಳೇ ಊರಿನ ಚೌಕಕ್ಕೆ ಬಂದರೆ ಟೌನ್ ಹಾಲ್ ಗೋಡೆಯ ಮೇಲೆ ಆ ಖಗೋಳ ಗಡಿಯಾರ. ಗಂಟೆಗೊಮ್ಮೆ ಕಿಟಕಿ ತೆರೆದು ಅಪೊಸ್ತಲರ, ಅಂದರೆ ಯೇಸುವಿನ ಶಿಷ್ಯರ ಗೊಂಬೆಗಳು ಸುತ್ತುತ್ತವೆ. ಎಲ್ಲರೂ ಫೋನ್ ಎತ್ತಿಕೊಂಡು ಅದನ್ನೇ ಕಾಯುತ್ತಾರೆ, ಒಂದು ನಿಮಿಷ ಕೂಡ ಇರೋದಿಲ್ಲ, ಮುಗಿದ ಮೇಲೆ ಚದುರುತ್ತಾರೆ. ನೀವು ಅವರು ಚದುರಿದ ಮೇಲೆ ಹತ್ತಿರ ಹೋಗಿ. 1410ರಲ್ಲಿ ಕಾದಾನ್ ಊರಿನ ಮಿಕುಲಾಶ್ ಮಾಡಿದ ಯಂತ್ರ ಅದು. ಗೊಂಬೆಗಳೆಲ್ಲ ಆಮೇಲೆ ಸೇರಿದ ಅಲಂಕಾರ, ಜೀವ ಇರೋದು ಮುಖಫಲಕದಲ್ಲಿ.

ಪಂಚಾಂಗ ಗೊತ್ತಿರುವವರಿಗೆ ಅದನ್ನ ಓದೋದು ಕಷ್ಟವಲ್ಲ. ಉದ್ದನೆಯ ಕೈ ಮೇಲೆ ಚಿನ್ನದ ಬಣ್ಣದ ಸೂರ್ಯ. ಇನ್ನೊಂದು ಕೈ ಮೇಲೆ ಅರ್ಧ ಬೆಳ್ಳಿ, ಅರ್ಧ ಕಪ್ಪು ಗುಂಡು. ಅದು ಚಂದ್ರ, ತಿಥಿಗೆ ತಕ್ಕಂತೆ ತಾನೇ ತಿರುಗುತ್ತದೆ. ಒಳಗೆ ಓರೆಯಾಗಿ ಕೂತ ಉಂಗುರದ ಮೇಲೆ 12 ರಾಶಿಗಳ ಗುರುತು. ಸೂರ್ಯ ಆ ಉಂಗುರವನ್ನ ಎಲ್ಲಿ ಮುಟ್ಟಿದ್ದಾನೋ ಅದೇ ಅವತ್ತಿನ ರಾಶಿ. ನೀವು ಹೋಗುವ ದಿನ ಗಡಿಯಾರ ವೃಶ್ಚಿಕ ಅಂತ ತೋರಿಸುತ್ತದೆ. ಮನೆಯ ಪಂಚಾಂಗ ಇನ್ನೂ ತುಲಾ ಅನ್ನುತ್ತಿರುತ್ತದೆ. ಎರಡೂ ಸರಿಯೇ. ಅವರು ರಾಶಿಯನ್ನ ವಿಷುವದಿಂದ (ಹಗಲು ರಾತ್ರಿ ಸಮ ಆಗುವ ದಿನದಿಂದ) ಎಣಿಸುತ್ತಾರೆ, ನಾವು ನಕ್ಷತ್ರಗಳಿಂದ. ನಡುವೆ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಬಿದ್ದಿದೆ. ಮೇಷ ಸಂಕ್ರಮಣ ಅವರಿಗೆ ಮಾರ್ಚ್‌ನಲ್ಲಿ, ನಮಗೆ ಏಪ್ರಿಲ್‌ನಲ್ಲಿ ಬರೋದು ಇದಕ್ಕೇ. ತೀರಾ ಹೊರಗಿನ ಕಪ್ಪು ಉಂಗುರದಲ್ಲಿ 1ರಿಂದ 24ರವರೆಗೆ ಅಂಕಿಗಳಿವೆ. ಹಳೇ ಬೊಹೀಮಿಯದಲ್ಲಿ ದಿನ ಶುರುವಾಗುತ್ತಿದ್ದದ್ದು ಸೂರ್ಯ ಮುಳುಗಿದಾಗ. ಸೂರ್ಯಾಸ್ತ ಹಿಂದೆ ಮುಂದೆ ಆದಂತೆ ಈ ಉಂಗುರ ವರ್ಷವಿಡೀ ಅತ್ತಿತ್ತ ಜರುಗುತ್ತದೆ. ಸಂಜೆ ನಾಲ್ಕೂಕಾಲಿಗೆ ಅಲ್ಲಿದ್ದರೆ ಚಿನ್ನದ ಕೈ 24ರ ಹತ್ತಿರ ಬರೋದನ್ನ ಕಣ್ಣಾರೆ ನೋಡಬಹುದು.

ಗಡಿಯಾರದ ಪಕ್ಕದಲ್ಲೇ ನೆಲದ ಮೇಲೆ 27 ಬಿಳಿ ಶಿಲುಬೆಗಳಿವೆ, ಜನ ಗೊತ್ತಿಲ್ಲದೆ ತುಳಿದುಕೊಂಡು ಹೋಗುತ್ತಾರೆ. ಅಧಿಕಾರಿಗಳನ್ನ ಕಿಟಕಿಯಿಂದ ಎಸೆದವರ ಬಂಡಾಯ ಸೋತ ಮೇಲೆ, 1621ರ ಜೂನ್ 21ರಂದು ಆ ಚೌಕದಲ್ಲಿ 27 ಮುಖಂಡರನ್ನ ಕೊಂದರು. ಬೆಳಗ್ಗೆ ನೋಡಿದ ಕಿಟಕಿಗೂ ಈ ಶಿಲುಬೆಗಳಿಗೂ ನಡುವೆ ಮೂರೇ ವರ್ಷ.

ಭಾನುವಾರ ಒಂಬತ್ತಕ್ಕೆ ಯೋಸೆಫೋವ್ ಬಾಗಿಲಲ್ಲಿರಿ. ಟಿಕೆಟ್ ಅಗ್ಗ ಅಲ್ಲ. ಆದರೂ ಇಡೀ ಪ್ರವಾಸದಲ್ಲಿ ದುಡ್ಡು ಕೊಟ್ಟು ನೋಡಲೇಬೇಕಾದ್ದು ಒಂದಿದ್ದರೆ ಅದು ಇದೇ ಅಂತ ನಾನು ಹೇಳುತ್ತೇನೆ. ಬೇಕಾದರೆ ಕೋಟೆಯ ಟಿಕೆಟ್ ಬಿಟ್ಟು ಆವರಣವಷ್ಟೇ ನೋಡಿ, ಇದನ್ನ ಬಿಡಬೇಡಿ. ಪಿಂಕಾಸ್ ಸಿನಗಾಗ್ ಒಳಗಿನ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯ, ಮೊರಾವಿಯದ ಸುಮಾರು 78,000 ಯೆಹೂದಿಗಳ ಹೆಸರುಗಳಿವೆ. ಅಚ್ಚು ಹಾಕಿದ್ದಲ್ಲ, ಕೈಯಲ್ಲಿ ಬರೆದದ್ದು. ಊರು, ಮನೆತನ, ವ್ಯಕ್ತಿಯ ಹೆಸರು, ಹುಟ್ಟಿದ ದಿನ, ಕೊನೆಯದಾಗಿ ಗೊತ್ತಾದ ದಿನ. ಒಂದೇ ಮನೆತನದ ಹೆಸರಿನ ಕೆಳಗೆ ನಾಲ್ಕೈದು ಹೆಸರು ಇರುತ್ತವೆ. ಹುಟ್ಟಿದ ವರ್ಷ ನೋಡಿದರೆ ಅಪ್ಪ, ಅಮ್ಮ, ಮಕ್ಕಳು ಅಂತ ತಿಳಿಯುತ್ತದೆ. ಕಮ್ಯುನಿಸ್ಟ್ ಕಾಲದಲ್ಲಿ ಸಿನಗಾಗ್ ಮುಚ್ಚಿ ಈ ಹೆಸರುಗಳನ್ನ ಹಾಳು ಮಾಡಿದ್ದರು. 1990ರ ದಶಕದಲ್ಲಿ ಮತ್ತೆ ಒಂದೊಂದಾಗಿ ಬರೆದರು. ಮಹಡಿ ಮೇಲೆ ನಾಜಿಗಳ ತೆರೆಜಿನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅವರಿಗೆ ಚಿತ್ರ ಕಲಿಸಿದ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಕೂಡ 1944ರಲ್ಲಿ ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಸತ್ತರು. ಅಲ್ಲಿ ಗುಂಪಾಗಿ ಮಾತಾಡಬೇಡಿ, ಫೋಟೋಗೆ ಪೋಸ್ ಕೊಡಬೇಡಿ. ಹುಡುಗರು ತಲೆ ಮುಚ್ಚಿಕೊಳ್ಳಬೇಕು, ಟೋಪಿ ಇಟ್ಟುಕೊಂಡಿರಿ. ಪಕ್ಕದ ಸ್ಮಶಾನದಲ್ಲಿ ಸುಮಾರು 12,000 ಕಲ್ಲುಗಳು ಒಂದರ ಮೇಲೊಂದು ವಾಲಿಕೊಂಡಿವೆ. ಜಾಗ ಸಾಲದೆ ಮಣ್ಣು ಹಾಕಿ ಪದರದ ಮೇಲೆ ಪದರ ಹೂಳುತ್ತಾ ಹೋದರು, 1787ರವರೆಗೆ.

ಅಲ್ಲಿಂದ ಹೊರಗೆ ಬಂದು ಮಧ್ಯಾಹ್ನದ ನಡಿಗೆ ಶುರು ಮಾಡಿ. ಇದಕ್ಕೆ ಟಿಕೆಟ್ ಬೇಡ, ಎಲ್ಲ ಬೀದಿಯಲ್ಲೇ ಇದೆ. ಮೊದಲು ಓವೊಟ್ನಿ ತ್ರ್ಗ್ ಅನ್ನುವ ಹಳೇ ಹಣ್ಣಿನ ಸಂತೆ ಬೀದಿಗೆ ಹೋಗಿ. ಅಲ್ಲಿ ಕರೋಲಿನುಮ್ ಇದೆ, ಚಾರ್ಲ್ಸ್ ಯೂನಿವರ್ಸಿಟಿಯ ಹಳೇ ಕಟ್ಟಡ. ಕಲ್ಲಿನ ಕೆತ್ತನೆಯ ಒಂದು ಗೋಥಿಕ್ ಕಿಟಕಿ ಗೋಡೆಯಿಂದ ಹೊರಗೆ ಚಾಚಿಕೊಂಡಿದೆ. ಹೊರಗಿನಿಂದ ನೋಡಿದರೆ ಸಾಕು. ನಿಮ್ಮ ಲೈಪ್‌ಜಿಗ್‌ನ ಮೊದಲ ಮೇಷ್ಟ್ರುಗಳು ಬಿಟ್ಟು ಬಂದ ಸಂಸ್ಥೆ ಇದು.

ಅಲ್ಲಿಂದ ಐದೇ ನಿಮಿಷ ನಡೆದರೆ ವೆನ್ಸೆಸ್ಲಾಸ್ ಚೌಕ. ಹೆಸರು ಚೌಕ ಅಂತಿದ್ದರೂ ಉದ್ದನೆಯ ಅಗಲ ರಸ್ತೆ. ಕೆಳತುದಿಯಲ್ಲಿ ಬಾಟಾ ಅಂಗಡಿಯ ಗಾಜಿನ ಕಟ್ಟಡ ನೋಡಿ, 1929ರದ್ದು. ಶಾಲೆಗೆ ಹಾಕಿಕೊಂಡು ಹೋದ ಬಾಟಾ ನಮ್ಮದೇ ಕಂಪನಿ ಅಂದುಕೊಂಡವರೇ ಹೆಚ್ಚು, ಅದು ಚೆಕ್ ದೇಶದ ಜ್ಲೀನ್ ಊರಿನದು. ನಿಮ್ಮಲ್ಲಿ ಮೈಸೂರಿನವರಿದ್ದರೆ ಇನ್ನೊಂದು ಮಾತು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ತಯಾರಾದ ಬೈಕಿನ ತವರು ಪ್ರಾಗ್. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಅಲ್ಲೇ ಜಾವಾ ಶುರು ಮಾಡಿದ್ದು. ಮೆಕ್ಯಾನಿಕಲ್ ಓದುವವರು ಲೆಟ್ನಾ ಗುಡ್ಡದ ನ್ಯಾಷನಲ್ ಟೆಕ್ನಿಕಲ್ ಮ್ಯೂಸಿಯಂ ನೋಡಬೇಕು ಅಂದರೆ ಹೋಗಲು ಬಿಡಿ. ಹಳೇ ಬೈಕು, ಕಾರು, ವಿಮಾನ ಎಲ್ಲ ಒಂದೇ ದೊಡ್ಡ ಹಾಲ್‌ನಲ್ಲಿವೆ.

ಚೌಕದ ಮೇಲ್ತುದಿಯಲ್ಲಿ ನ್ಯಾಷನಲ್ ಮ್ಯೂಸಿಯಂ. ಅದರ ಮುಂದೆ ನೆಲದಿಂದ ಉಬ್ಬಿ ಎದ್ದಂತೆ ಒಂದು ಕಂಚಿನ ಶಿಲುಬೆ. ಸೋವಿಯತ್ ಸೇನೆ ದೇಶಕ್ಕೆ ನುಗ್ಗಿ ಐದು ತಿಂಗಳಾಗಿತ್ತು, ಜನ ಒಗ್ಗಿಹೋಗುತ್ತಿದ್ದರು. 1969ರ ಜನವರಿ 16ರಂದು ಯಾನ್ ಪಾಲಾಖ್ ಆ ಜಾಗದ ಹತ್ತಿರ ಮೈಗೆ ಬೆಂಕಿ ಹಚ್ಚಿಕೊಂಡ. ಚಾರ್ಲ್ಸ್ ಯೂನಿವರ್ಸಿಟಿಯ ವಿದ್ಯಾರ್ಥಿ, 20 ವರ್ಷ. ಮೂರು ದಿನದ ಮೇಲೆ ತೀರಿಕೊಂಡ. ಅವನ ಶವಪೆಟ್ಟಿಗೆಯನ್ನ ಇಟ್ಟಿದ್ದು ನೀವು ಆಗಷ್ಟೇ ನೋಡಿ ಬಂದ ಕರೋಲಿನುಮ್‌ನಲ್ಲಿ, ಜನ ಸಾಲುಗಟ್ಟಿ ನಿಂತು ನೋಡಿದರು.

ಕೊನೆಗೆ ನಾರೊದ್ನಿ ಬೀದಿ. ಇಲ್ಲಿ ಎರಡು ನವೆಂಬರ್ 17 ಸೇರುತ್ತವೆ. 1939ರಲ್ಲಿ ನಾಜಿಗಳ ವಿರುದ್ಧ ಮೆರವಣಿಗೆಯಲ್ಲಿ ಯಾನ್ ಒಪ್ಲೆತಾಲ್ ಅನ್ನುವ ಮೆಡಿಕಲ್ ವಿದ್ಯಾರ್ಥಿಗೆ ಗುಂಡು ಬಿತ್ತು, ಅವನು ಸತ್ತ. ಅಂತ್ಯಕ್ರಿಯೆ ದೊಡ್ಡ ಪ್ರತಿಭಟನೆಯಾಯಿತು. ನವೆಂಬರ್ 17ರಂದು ನಾಜಿಗಳು ಒಂಬತ್ತು ಮಂದಿಯನ್ನ ಕೊಂದರು, 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನ ಸಾಕ್ಸೆನ್‌ಹೌಸನ್ ಶಿಬಿರಕ್ಕೆ ಸಾಗಿಸಿದರು, ಎಲ್ಲ ಚೆಕ್ ಯೂನಿವರ್ಸಿಟಿಗಳನ್ನ ಮುಚ್ಚಿದರು. ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ ಬಂದದ್ದು ಇದರಿಂದ. ಸರಿಯಾಗಿ 50 ವರ್ಷದ ಮೇಲೆ, 1989ರ ನವೆಂಬರ್ 17ರಂದು, ಅದರ ನೆನಪಿಗೆ ವಿದ್ಯಾರ್ಥಿಗಳು ಅಲ್ಬೆರ್ತೊವ್‌ನಿಂದ ಹೊರಟರು. ನಾರೊದ್ನಿ ಬೀದಿಯಲ್ಲಿ ಪೊಲೀಸರು ಎರಡೂ ಕಡೆ ದಾರಿ ಕಟ್ಟಿ ಬಡಿದರು. ಒಂದೇ ವಾರದಲ್ಲಿ ಕಮ್ಯುನಿಸ್ಟ್ ನಾಯಕತ್ವ ರಾಜೀನಾಮೆ ಕೊಟ್ಟಿತು, ಡಿಸೆಂಬರ್ 29ಕ್ಕೆ ನಾಟಕಕಾರ ವಾಕ್ಲಾವ್ ಹಾವೆಲ್ ದೇಶದ ಅಧ್ಯಕ್ಷರಾದರು. 16ನೇ ನಂಬರ್ ಕಟ್ಟಡದ ಕಮಾನಿನೊಳಗೆ ಗೋಡೆಯಿಂದ ಮೇಲಕ್ಕೆ ಚಾಚಿದ ಕಂಚಿನ ಕೈಗಳಿವೆ, ಕೆಳಗೆ ಆ ತಾರೀಖು. ಬರಿಗೈಯಲ್ಲಿ ಬಂದಿದ್ದೇವೆ ಅಂತ ವಿದ್ಯಾರ್ಥಿಗಳು ಪೊಲೀಸರಿಗೆ ತೋರಿಸಿದ ಕೈಗಳು. ನೀವು ಹೋಗೋದು ಆ ದಿನಕ್ಕೆ ಎರಡೇ ದಿನ ಮುಂಚೆ. ಒಂದು ಮೇಣದ ಬತ್ತಿ ತಗೊಂಡು ಹೋಗಿ. ವಿದ್ಯಾರ್ಥಿಗಳಾಗಿ ನಿಮಗೂ ಅಲ್ಲಿ ಹಚ್ಚುವ ಹಕ್ಕಿದೆ.

ಇನ್ನು ವ್ಯವಹಾರದ ಮಾತು. ಚೆಕ್ ದೇಶದಲ್ಲಿ ಯೂರೋ ಇಲ್ಲ, ಕೊರುನಾ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ನಗದು ಬೇಕಿದ್ದರೆ ಬ್ಯಾಂಕಿನ ಎಟಿಎಂನಲ್ಲೇ ತೆಗೆಯಿರಿ. ಯೂರೋ ಲೆಕ್ಕದಲ್ಲಿ ಕಳೆಯಲೇ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ. ಬೀದಿ ಬದಿಯ ಎಕ್ಸ್‌ಚೇಂಜ್ ಅಂಗಡಿಯಲ್ಲಿ ಮೋಸಹೋದರೆ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸ್ ಪಡೆಯುವ ಕಾನೂನು 2019ರಿಂದ ಇದೆ, 1,000 ಯೂರೋವರೆಗೆ. ಟ್ರಾಮ್, ಮೆಟ್ರೋ, ಬಸ್ಸಿಗೆ ಒಂದೇ ಟಿಕೆಟ್, 24 ಗಂಟೆಯದ್ದು ತಗೊಳ್ಳಿ. ಕಾಗದದ ಟಿಕೆಟನ್ನ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕು. ಉಳಿಯಲು ಹಳೇ ಊರು ಬೇಡ. ಜಿಜ್ಕೊವ್, ಕರ್ಲೀನ್ ಕಡೆ ಹಾಸ್ಟೆಲ್ ನೋಡಿ. ರಾತ್ರಿ ಟ್ರಾಮುಗಳೆಲ್ಲ ಲಾಜಾರ್ಸ್ಕಾ ಸ್ಟಾಪಿನಲ್ಲಿ ಸೇರುತ್ತವೆ, ಅಲ್ಲಿ ಬದಲಿಸಿಕೊಂಡರೆ ಎಲ್ಲಿಗೆ ಬೇಕಾದರೂ ಹೋಗಬಹುದು. ರಾತ್ರಿ ಹತ್ತರ ಮೇಲೆ ಬೀದಿಯಲ್ಲಿ ಗಲಾಟೆ ಮಾಡಬೇಡಿ. ಅಲ್ಲಿ ಮನೆ ಮಾಡಿಕೊಂಡಿರುವ ಜನರೂ ಇದ್ದಾರೆ, ಪ್ರವಾಸಿಗಳ ಕಾಟಕ್ಕೆ ಬೇಸತ್ತಿದ್ದಾರೆ.

ಒಂಬತ್ತು ಜನರಿಗೆ ಒಂದೇ ಟೇಬಲ್ ಸಿಗೋದು ಕಷ್ಟ. ಊಟಕ್ಕೆ ನಾಲ್ಕು, ಐದು ಅಂತ ಒಡೆದುಕೊಳ್ಳಿ. ಮತ್ತೆ ಸೇರೋ ಜಾಗ ಗಡಿಯಾರದ ಕೆಳಗೆ ಇಟ್ಟುಕೊಂಡರೆ ಒಬ್ಬರಿಗೊಬ್ಬರು ಸಿಗೋದಿಲ್ಲ. ಪ್ರಾಗ್‌ನವರು ಭೇಟಿಯಾಗೋದು ವೆನ್ಸೆಸ್ಲಾಸ್ ಚೌಕದ ಕುದುರೆ ಪ್ರತಿಮೆಯ ಬಾಲದ ಕೆಳಗೆ, ನೀವೂ ಹಾಗೇ ಮಾಡಿ. ಸಸ್ಯಾಹಾರಿಗಳಿಗೆ ಕರಿದ ಚೀಸ್, ಆಲೂಗಡ್ಡೆಯ ಬ್ರಾಂಬೊರಾಕ್ ರೊಟ್ಟಿ, ಹಣ್ಣು ತುಂಬಿದ ಕ್ನೆಡ್ಲಿಕಿ ಸಿಗುತ್ತವೆ. ಇವುಗಳಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸೂಪ್ ನೋಡಲು ತರಕಾರಿಯದ್ದಾದರೂ ಮಾಂಸದ ನೀರಿನಲ್ಲಿ ಮಾಡಿರಬಹುದು, ಕೇಳಿಯೇ ತಗೊಳ್ಳಿ. ಮೊಟ್ಟೆಯೂ ಬೇಡ ಅನ್ನುವವರು ಒಂದು ಹೊತ್ತಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗೋದು ವಾಸಿ. ಬೀದಿ ಬೀದಿಯಲ್ಲೂ ಸಿಗುವ ತ್ರ್ದೆಲ್ನಿಕ್ ಸಿಹಿ ಪ್ರಾಗ್‌ನ ಹಳೇ ತಿಂಡಿಯೇನಲ್ಲ, ಪ್ರವಾಸಿಗಳಿಗಾಗಿ ಬಂದದ್ದು. ಆಸೆ ಇದ್ದರೆ ತಿನ್ನಿ, ಒಂಬತ್ತು ಜನಕ್ಕೆ ಮೂರು ಸಾಕು.

ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಮೂಲಪ್ರತಿಯೇ ಇರಬೇಕು, ಫೋನಿನಲ್ಲಿ ಫೋಟೋ ಇದ್ದರೆ ಆಗೋದಿಲ್ಲ. ವಾಪಸ್ ಬರುವಾಗ ಗಡಿಯಲ್ಲಿ ಜರ್ಮನ್ ಪೊಲೀಸರು ರೈಲು ಹತ್ತಿ ಕೇಳಬಹುದು. ಪರ್ಮಿಟ್ ಮುಗಿದು ಬರೀ ಫಿಕ್ಷನ್ಸ್‌ಬೆಷೈನಿಗುಂಗ್ (ಹೊಸ ಪರ್ಮಿಟ್ ಬರುವವರೆಗಿನ ತಾತ್ಕಾಲಿಕ) ಕಾಗದ ಇರುವವರು ಹೊರಡುವ ಮುಂಚೆ ವಲಸೆ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮ ಸೆಮೆಸ್ಟರ್ ಟಿಕೆಟ್ ಪ್ರಾಗ್‌ಗೆ ಹೋಗುವ ಎಕ್ಸ್‌ಪ್ರೆಸ್ ರೈಲಿಗೆ ನಡೆಯೋದಿಲ್ಲ. ಟಿಕೆಟ್ ದರವನ್ನ ಜರ್ಮನ್ ರೈಲ್ವೆ, ಚೆಕ್ ರೈಲ್ವೆ ಎರಡೂ ಆ್ಯಪ್‌ನಲ್ಲಿ ಹೋಲಿಸಿ ನೋಡಿ. ಒಂದೇ ರೈಲಿಗೆ ಬೇರೆ ಬೇರೆ ರೇಟು ಇರೋದು ಮಾಮೂಲಿ. ಡ್ರೆಸ್ಡೆನ್‌ನಲ್ಲಿ ರೈಲು ಬದಲಿಸಿದ ಮೇಲೆ ಎಡಗಡೆ ಸೀಟು ಹಿಡಿಯಿರಿ. ಎಲ್ಬ ನದಿ, ಸ್ಯಾಕ್ಸನಿಯ ಮರಳುಗಲ್ಲಿನ ಬೆಟ್ಟಗಳು ಆ ಕಡೆಯೇ ಬರುತ್ತವೆ. ಭಾನುವಾರ ವಾಪಸ್ ಬರುವಾಗ ಕತ್ತಲೆ, ಏನೂ ಕಾಣೋದಿಲ್ಲ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಕ್ಲಾಸ್ ಇಲ್ಲದವರು ಮಧ್ಯಾಹ್ನ ಒಂದಕ್ಕೆ ಮುಂಚೆ ಡ್ರೆಸ್ಡೆನ್ ಬಿಡುವ ರೈಲಿಗೆ ಬುಕ್ ಮಾಡಿ, ಉಳಿದವರು ಸಂಜೆಯದಕ್ಕೆ ಬರಲಿ.